ಊರ ಕರೆಂಟಿಗೊಬ್ಬ ನೀರುಗಂಟಿ

ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕುಬಟೂರು ಮೇಲುನೋಟಕ್ಕೆ ಆನವಟ್ಟಿಯ ಪಕ್ಕದ ಒಂದು ಸಾಧಾರಣ ಹಳ್ಳಿ. ಆದರೆ ಶಾಸನಗಳಲ್ಲಿ ಅದರ ಹೆಸರು ಕುಂತಳನಗರ, ಕೋಟಿಪುರ. ಚಂದ್ರಹಾಸನ ಕಥೆಯಲ್ಲಿ ಬರುವ ಪಟ್ಟಣ ಇದೇ ಎಂದು ಈ ಸೀಮೆಯ ಜನ ನಂಬಿಕೊಂಡು ಬಂದಿದ್ದಾರೆ. ಕ್ರಿ.ಶ. 1100ರ ಸುಮಾರಿಗೆ ಕಟ್ಟಿದ ಕೈಟಭೇಶ್ವರ ದೇವಾಲಯದ ವಿಶಾಲವಾದ ಮಂಟಪವನ್ನೂ ಅದರ ನುಣುಪಾದ ಕಂಬಗಳನ್ನೂ ನೋಡಲು ದೂರದ ಊರುಗಳಿಂದ ಜನ ಬರುತ್ತಾರೆ. ಬಂದವರು ಕಂಬ ನೋಡಿ, ಚಿತ್ರ ತೆಗೆದುಕೊಂಡು ಹೊರಟುಬಿಡುತ್ತಾರೆ. ಆ ಗುಡಿಗೆ ಅನ್ನ ಹಾಕಿದ ಇನ್ನೊಂದು ನಿರ್ಮಾಣ ಅವರ ಕಣ್ಣಿಗೆ ಬೀಳುವುದು ಅಪರೂಪ. ಅದು ಕೆರೆ.

ಸೊರಬ ಮತ್ತು ಶಿಕಾರಿಪುರ ತಾಲ್ಲೂಕುಗಳು ಕೆರೆಗಳ ನಾಡು. ಒಂದೇ ಊರಿಗೆ ನಾಲ್ಕಾರು ಕೆರೆಗಳಿರುವುದು ಇಲ್ಲಿ ಸೋಜಿಗದ ಸಂಗತಿಯಲ್ಲ. ದೊಡ್ಡ ನದಿಗೆ ದೊಡ್ಡ ಅಣೆ ಕಟ್ಟಿ ದೂರದಿಂದ ನೀರು ತರುವ ಬದಲು, ತಮ್ಮ ಹೊಲದ ಮೇಲೆ ಬಿದ್ದ ಮಳೆಯನ್ನು ತಮ್ಮ ಊರ ತಗ್ಗಿನಲ್ಲೇ ಹಿಡಿದಿಟ್ಟುಕೊಳ್ಳುವ ವಿದ್ಯೆ ಅದು.

ಈಗ ಇಂಥ ಊರುಗಳ ಬೀದಿಗಳಲ್ಲೂ ಸದ್ದು ಮಾಡದ ಸ್ಕೂಟರುಗಳು ಓಡಾಡತೊಡಗಿವೆ. ರಾತ್ರಿ ಮನೆಯ ಜಗಲಿಯ ಪ್ಲಗ್ಗಿಗೆ ವಯರು ಸಿಕ್ಕಿಸಿದರೆ ಬೆಳಗಾಗುವುದರೊಳಗೆ ಸವಾರಿಗೆ ಸಿದ್ಧ. ಪೆಟ್ರೋಲ್ ಬಂಕಿಗೆ ಹೋಗಬೇಕಿಲ್ಲ. ಪ್ಲಗ್ಗಿನ ಹಿಂದಿನ ಕರೆಂಟು ಎಲ್ಲಿಂದ ಬಂತು ಎಂದು ಸವಾರ ಕೇಳುವುದೂ ಇಲ್ಲ. ಕೇಳಬೇಕಾದ ಕಾಲ ಬಂದಿದೆ. ಏಕೆಂದರೆ ಮನೆಯ ದೀಪಕ್ಕಾಗಿ ಎಳೆದ ತಂತಿ ಇನ್ನು ಮುಂದೆ ಬಂಡಿಯನ್ನೂ ಎಳೆಯಬೇಕು. ಆ ಭಾರವನ್ನು ಹೊರುವ ದಾರಿ ಹುಡುಕಹೊರಟರೆ ನಾವು ಮತ್ತೆ ಕೆರೆಯ ಏರಿಯ ಮೇಲೆಯೇ ಬಂದು ನಿಲ್ಲುತ್ತೇವೆ.

ತೂಬಿನ ಲೆಕ್ಕ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ಗುಡಿಯ ಎದುರು ಕ್ರಿ.ಶ. ಐದನೆಯ ಶತಮಾನದ ಒಂದು ಶಾಸನಸ್ತಂಭವಿದೆ. ಮಯೂರಶರ್ಮ ಕಂಚಿಯಲ್ಲಿ ಅವಮಾನಿತನಾಗಿ ಬಂದು ಕದಂಬ ರಾಜ್ಯ ಕಟ್ಟಿದ ಕಥೆಯನ್ನು ಹೇಳುವ ಶಾಸನವೆಂದೇ ನಾವು ಶಾಲೆಯಲ್ಲಿ ಓದಿದ್ದೇವೆ. ಆದರೆ ಆ ಶಾಸನ ಹುಟ್ಟಿದ್ದು ಕೆರೆಯ ನೆಪದಿಂದ. ಕಾಕುಸ್ಥವರ್ಮ ಶಿವಾಲಯದ ಬಳಿ ಕೆರೆ ಕಟ್ಟಿಸಿದ್ದನ್ನು ದಾಖಲಿಸಲು ಕವಿ ಕುಬ್ಜ ರಚಿಸಿದ ಕಾವ್ಯ ಅದು. ರಾಜವಂಶದ ಚರಿತ್ರೆ ಕೆರೆಯ ದಾಖಲೆಯೊಳಗೆ ಸೇರಿಕೊಂಡು ನಮಗೆ ತಲುಪಿತು.

ಅಲ್ಲಿಂದ ಮುಂದೆ ಸಾವಿರ ವರ್ಷಗಳ ಕಾಲ ಕನ್ನಡ ಶಾಸನಗಳಲ್ಲಿ ಕೆರೆಯ ಮಾತು ನಿಂತಿಲ್ಲ. ಆ ಶಾಸನಗಳನ್ನು ಗಮನವಿಟ್ಟು ಓದಿದವರಿಗೆ ಒಂದು ಸಂಗತಿ ಹೊಳೆಯುತ್ತದೆ. ಕೆರೆ ಕಟ್ಟಿಸಿದ ಹೆಮ್ಮೆಯಷ್ಟೇ ಅಲ್ಲದೆ, ಕಟ್ಟಿದ ಕೆರೆಯನ್ನು ಉಳಿಸುವ ಏರ್ಪಾಡೂ ಅವುಗಳಲ್ಲಿದೆ. ಬಿತ್ತುವಟ್ಟ, ದಶವಂದ ಮೊದಲಾದ ಪದಗಳು ಮತ್ತೆ ಮತ್ತೆ ಬರುತ್ತವೆ. ಕೆರೆಯ ಕೆಳಗಿನ ಗದ್ದೆಯಲ್ಲಿ ಒಂದು ಭಾಗವನ್ನು ಅಥವಾ ಬೆಳೆಯಲ್ಲಿ ಒಂದು ಪಾಲನ್ನು ಆ ಕೆರೆಯ ದುರಸ್ತಿಗೆಂದೇ ತೆಗೆದಿಡುವ ಪದ್ಧತಿ ಅದು. ಹೂಳೆತ್ತುವ ಬಂಡಿಗೆ, ಬಂಡಿ ಎಳೆಯುವ ಕೋಣಗಳಿಗೆ ಇಷ್ಟು ಎಂದು ಬಿಟ್ಟುಕೊಟ್ಟ ಶಾಸನಗಳೂ ಇವೆ.

ಇನ್ನು ನೀರು ಹಂಚುವ ಕೆಲಸ. ಅದಕ್ಕೊಬ್ಬ ನೀರುಗಂಟಿ. ತೂಬು ಎತ್ತುವವನು, ಇಳಿಸುವವನು ಅವನೇ. ಯಾವ ಗದ್ದೆಗೆ ಯಾವ ಜಾವದಲ್ಲಿ ಎಷ್ಟು ಹೊತ್ತು ನೀರು ಎಂಬ ಸರದಿಯ ಲೆಕ್ಕ ಅವನ ತಲೆಯಲ್ಲಿ. ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಅವನಿಗೆ ಇಷ್ಟು ಧಾನ್ಯ ಸಲ್ಲುತ್ತಿತ್ತು. ಎಲ್ಲರಿಂದಲೂ ಪಡೆಯುವವನಾದ್ದರಿಂದ ಅವನು ಯಾರೊಬ್ಬರ ಆಳೂ ಆಗಿರಲಿಲ್ಲ. ಕೆರೆ ತುಂಬಿ ಕೋಡಿ ಬಿದ್ದರೆ ಹೆಚ್ಚಿನ ನೀರು ಕೆಳಗಿನ ಊರಿನ ಕೆರೆಗೆ ಹೋಗುತ್ತಿತ್ತು. ಸರಪಳಿಯಂತೆ ಒಂದರಿಂದ ಇನ್ನೊಂದಕ್ಕೆ. ಹೀಗೆ ಪ್ರತಿ ಊರಿಗೂ ತನ್ನದೇ ದಾಸ್ತಾನು, ಊರೂರಿಗೂ ನಡುವೆ ಕೊಡು-ಕೊಳ್ಳು.

ಇದನ್ನೆಲ್ಲ ರಾಮರಾಜ್ಯವೆಂದು ಹಾಡಿಹೊಗಳಬೇಕಿಲ್ಲ. ಕೆರೆಯ ನೀರು ಗದ್ದೆ ಇದ್ದವನಿಗೆ ಹರಿಯಿತೇ ಹೊರತು ಗದ್ದೆ ಇಲ್ಲದವನಿಗಲ್ಲ. ನೀರು ಹಂಚುವ ನೀರುಗಂಟಿ ಅನೇಕ ಊರುಗಳಲ್ಲಿ ಕೇರಿಯ ಆಚೆಯವನೇ ಆಗಿದ್ದ. ಈ ಕೊರತೆಯನ್ನು ನೆನಪಿನಲ್ಲಿಟ್ಟುಕೊಂಡೇ ಮುಂದೆ ಹೋಗೋಣ. ಅದು ಕೊನೆಯಲ್ಲಿ ಬೇಕಾಗುತ್ತದೆ.

ನದಿಯಿಂದ ಗಣಿಗೆ

ನೀರಿನಲ್ಲಿ ನಾವು ಹಿಡಿದ ದಾರಿ ಇದಾದರೆ ವಿದ್ಯುತ್ತಿನಲ್ಲಿ ಹಿಡಿದದ್ದು ಇದಕ್ಕೆ ತದ್ವಿರುದ್ಧವಾದ ದಾರಿ. 1902ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರ ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಯನ್ನು ಮುಟ್ಟಿತು. ಆ ಕಾಲಕ್ಕೆ ಅದು ಜಗತ್ತೇ ಬೆರಗಾಗುವ ಸಾಹಸ. ದಿವಾನ ಶೇಷಾದ್ರಿ ಅಯ್ಯರ್ ಅವರ ದೂರದೃಷ್ಟಿಯನ್ನು ಇಂದಿಗೂ ಸ್ಮರಿಸುತ್ತೇವೆ. ಮೂರು ವರ್ಷಗಳ ಬಳಿಕ, 1905ರ ಆಗಸ್ಟ್ 5ರಂದು, ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಬೆಳಗಿತು. ಮೊದಲು ಗಣಿ, ಆಮೇಲೆ ಪಟ್ಟಣ. ತಂತಿ ಹಾದುಹೋದ ದಾರಿಯ ಹಳ್ಳಿಗಳ ಸರದಿ ಬರಲು ದಶಕಗಳೇ ಕಳೆದವು.

ಶಿವಮೊಗ್ಗ ಜಿಲ್ಲೆಗೆ ಈ ಕಥೆ ಇನ್ನೂ ಹತ್ತಿರದ್ದು. ಜೋಗದ ಬುಡದಲ್ಲಿ ಮಹಾತ್ಮಾ ಗಾಂಧಿ ವಿದ್ಯುದಾಗಾರ 1948ರಲ್ಲಿ ಕೆಲಸ ಆರಂಭಿಸಿತು. 1960ರ ದಶಕದಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು, ತಲಾ 103.5 ಮೆಗಾವಾಟಿನ ಹತ್ತು ಯಂತ್ರಗಳ ಶರಾವತಿ ವಿದ್ಯುದಾಗಾರ ಇಡೀ ರಾಜ್ಯಕ್ಕೆ ಅಗ್ಗದ ವಿದ್ಯುತ್ತು ಕೊಟ್ಟಿತು. ಬೆಂಗಳೂರಿನ ಕಾರ್ಖಾನೆಗಳು ಬೆಳೆದದ್ದು ಈ ಬೆಳಕಿನಲ್ಲಿ. ಸಾಗರ, ಹೊಸನಗರ ತಾಲ್ಲೂಕುಗಳ ಊರುಗಳು ಮುಳುಗಿದ್ದೂ ಇದೇ ಬೆಳಕಿಗಾಗಿ. ಊರು ಬಿಟ್ಟು ಲಾರಿ ಹತ್ತಿದವರ ಭೂಮಿಯ ಹಕ್ಕಿನ ಪ್ರಶ್ನೆ ಆರು ದಶಕ ದಾಟಿದರೂ ಪೂರ್ತಿ ಬಗೆಹರಿಯಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ಇದಕ್ಕಿಂತ ನೇರವಾದ ಅರ್ಥ ಸಿಗಲಾರದು.

ದೊಡ್ಡ ಯೋಜನೆಗಳನ್ನು ಬೈಯುವುದು ಈ ಮಾತಿನ ಉದ್ದೇಶವಲ್ಲ. ಅವು ಇಲ್ಲದಿದ್ದರೆ ಕರ್ನಾಟಕ ಇಂದಿನಂತೆ ಇರುತ್ತಿರಲಿಲ್ಲ. ಎಲ್ಲ ಊರುಗಳನ್ನೂ ಒಂದೇ ಜಾಲಕ್ಕೆ ಕಟ್ಟಿದ್ದರಿಂದಲೇ ಒಂದು ಕಡೆಯ ಕೊರತೆಯನ್ನು ಇನ್ನೊಂದು ಕಡೆಯ ಹೆಚ್ಚಳ ತುಂಬುವಂತಾಯಿತು. ಆದರೆ ಈ ಜಾಲದಲ್ಲಿ ಹಳ್ಳಿ ಇರುವುದು ತಂತಿಯ ತುತ್ತತುದಿಯಲ್ಲಿ. ಅಲ್ಲಿ ವೋಲ್ಟೇಜು ಕಡಿಮೆ, ದುರಸ್ತಿ ತಡ. ನೀರುಗಂಟಿಯನ್ನು ಊರವರು ಎಳೆದು ಕೇಳಬಹುದಿತ್ತು. ಲೈನ್‌ಮನ್ ಯಾವ ಊರಿಗೆ ಹೋಗಿದ್ದಾನೆ ಎಂಬುದೇ ತಿಳಿಯದು.

ಸಗಣಿಯಿಂದ ಬೆಳಕು

ಹಳ್ಳಿಯಲ್ಲೇ ವಿದ್ಯುತ್ತು ತಯಾರಿಸಿ ಹಳ್ಳಿಯಲ್ಲೇ ಬಳಸುವ ಯೋಚನೆಯೂ ಕರ್ನಾಟಕದಲ್ಲಿ ಹಳೆಯದೇ. ಅದರ ಮುಂಚೂಣಿಯಲ್ಲಿದ್ದವರು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅಮೂಲ್ಯ ರೆಡ್ಡಿ. ಅವರ ಮೂಲ ವಿಷಯ ವಿದ್ಯುತ್ ರಸಾಯನಶಾಸ್ತ್ರ, ಅಂದರೆ ಬ್ಯಾಟರಿಗೆ ಬುನಾದಿಯಾದ ವಿಜ್ಞಾನ. ಬಾಕ್ರಿಸ್ ಎಂಬ ವಿಜ್ಞಾನಿಯ ಜೊತೆ ಅವರು ಬರೆದು 1970ರಲ್ಲಿ ಪ್ರಕಟಿಸಿದ ಪಠ್ಯಪುಸ್ತಕವನ್ನು ಜಗತ್ತಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಓದುತ್ತಾರೆ. ಅಂಥವರು 1974ರಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕೆಂದೇ 'ಅಸ್ತ್ರ' ಎಂಬ ಕೇಂದ್ರವನ್ನು ಕಟ್ಟಿ, ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಹಳ್ಳಿಗಳಿಗೆ ಹೊರಟರು.

ಆ ತಾಲ್ಲೂಕಿನ ಪುರ ಎಂಬ ಪುಟ್ಟ ಹಳ್ಳಿಯಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಮೊದಲು ಅಲ್ಲಿ ಊರಿಗೆಲ್ಲ ಒಂದೇ ಗೋಬರ್ ಅನಿಲ ಸ್ಥಾವರ ಕಟ್ಟಿ ಎಲ್ಲ ಮನೆಗಳ ಒಲೆಗೂ ಅನಿಲ ಕೊಡುವ ಪ್ರಯತ್ನ ನಡೆಯಿತು. ಅದು ಗೆಲ್ಲಲಿಲ್ಲ. ಎಲ್ಲರ ಅಡುಗೆಗೂ ಸಾಲುವಷ್ಟು ಸಗಣಿ ಊರಲ್ಲಿ ಇರಲಿಲ್ಲ. ವಿಜ್ಞಾನಿಗಳು ಮತ್ತೆ ಲೆಕ್ಕ ಹಾಕಿದರು, ಊರವರ ಮಾತನ್ನೂ ಕೇಳಿದರು. ಊರಿಗೆ ಮೊದಲು ಬೇಕಾಗಿದ್ದದ್ದು ಕುಡಿಯುವ ನೀರು, ಆಮೇಲೆ ದೀಪ. 1987ರಲ್ಲಿ ಅದೇ ಅನಿಲದಿಂದ ಸಣ್ಣ ಎಂಜಿನ್ ಓಡಿಸಿ, ಸುಮಾರು ಐದು ಕಿಲೋವಾಟ್ ವಿದ್ಯುತ್ತು ತೆಗೆದು, ಕೊಳವೆಬಾವಿಯ ನೀರನ್ನು ನಲ್ಲಿಗೂ ಬೆಳಕನ್ನು ಮನೆಗೂ ಕೊಡಲಾಯಿತು.

ಏರ್ಪಾಡು ಹೀಗಿತ್ತು. ಮನೆಯವರು ಸಗಣಿ ತಂದು ತೂಗಿ ಕೊಡಬೇಕು. ಅನಿಲ ತೆಗೆದ ಮೇಲೆ ಉಳಿದ ಬಗ್ಗಡ ಗೊಬ್ಬರವಾಗಿ ಅವರಿಗೇ ವಾಪಸು. ಹೊತ್ತು ತಂದ ಶ್ರಮಕ್ಕೆ ಕಿಲೋ ಲೆಕ್ಕದಲ್ಲಿ ಸಣ್ಣ ಕೂಲಿ. ಅದು ಹೆಚ್ಚಾಗಿ ಹೆಂಗಸರ ಕೈಗೆ ಸೇರಿತು. ದೀಪಕ್ಕೆ, ನಲ್ಲಿಗೆ ತಿಂಗಳ ಹಣ. ಯಂತ್ರ ನೋಡಿಕೊಳ್ಳಲು ಊರಿನದೇ ಹುಡುಗರು, ಮೇಲ್ವಿಚಾರಣೆಗೆ ಊರಿನದೇ ಸಮಿತಿ. ಸಗಣಿ ಬರದಿದ್ದರೆ ನಲ್ಲಿ ನಿಲ್ಲುತ್ತಿತ್ತು. ನಲ್ಲಿ ನಿಂತರೆ ಸಗಣಿ ಕೊಡದವನ ಮನೆಯಾಕೆಯೂ ಬಿಂದಿಗೆ ಹಿಡಿದು ದೂರ ನಡೆಯಬೇಕಿತ್ತು. ಒಬ್ಬೊಬ್ಬರ ಲಾಭವೂ ಎಲ್ಲರ ಲಾಭವೂ ಹೀಗೆ ಒಂದೇ ಗಂಟಿನಲ್ಲಿ ಬಿದ್ದವು. ಸಮುದಾಯದ ಸ್ವತ್ತು ಎಂದರೆ ಎಲ್ಲರೂ ಸೇರಿ ಹಾಳುಮಾಡುವ ಸ್ವತ್ತು ಎಂಬ ವಾದ ಆ ಕಾಲದಲ್ಲಿ ಪಶ್ಚಿಮದ ವಿದ್ವಾಂಸರಲ್ಲಿ ಬಲವಾಗಿತ್ತು. ಪುರದ ಅನುಭವ ಅದಕ್ಕೆ ಉತ್ತರವೆಂದು ರೆಡ್ಡಿ ಬರೆದರು.

ಅದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಿಂದ ಸೌದೆಯ ಅನಿಲದಿಂದ ವಿದ್ಯುತ್ತು ತೆಗೆದರು. ದೀಪ, ನೀರಿನ ಜೊತೆಗೆ ಹಿಟ್ಟಿನ ಗಿರಣಿಯೂ ನಡೆಯಿತು. ಕೊಡಗು, ಚಿಕ್ಕಮಗಳೂರು, ದಕ್ಷಿಣ ಕನ್ನಡದ ಗುಡ್ಡದ ಮನೆಗಳವರು ಹಿತ್ತಲ ಹಳ್ಳಕ್ಕೆ ಕೊಳವೆ ಹಾಕಿ ಪುಟ್ಟ ಟರ್ಬೈನು ತಿರುಗಿಸಿಕೊಂಡರು. 1995ರಲ್ಲಿ ಹರೀಶ್ ಹಂದೆಯವರು ಬೆಂಗಳೂರಿನಲ್ಲಿ ಆರಂಭಿಸಿದ ಸೆಲ್ಕೊ ಸಂಸ್ಥೆ ಬ್ಯಾಂಕ್ ಸಾಲದ ನೆರವಿನಿಂದ ಸೌರದೀಪವನ್ನು ಬಡವರ ಮನೆಗೆ ಮುಟ್ಟಿಸಿತು. ಅದು ನಡೆಸಿದ ಒಂದು ಪ್ರಯೋಗ ನಮ್ಮ ಇಂದಿನ ವಿಷಯಕ್ಕೆ ತೀರ ಹತ್ತಿರದ್ದು: ಹಗಲು ಒಂದೆಡೆ ಬಿಸಿಲಿನಿಂದ ಬ್ಯಾಟರಿಗಳನ್ನು ತುಂಬಿಸುವುದು, ಸಂಜೆ ಅವನ್ನು ಬೀದಿಬದಿಯ ವ್ಯಾಪಾರಿಗಳಿಗೆ ದಿನಬಾಡಿಗೆಗೆ ಕೊಡುವುದು. ದಿನಗಳಿಕೆಯವನಿಗೆ ದಿನದ ಬಾಡಿಗೆಯೇ ಸರಿ.

ಬ್ಯಾಟರಿ ತುಂಬಿಸುವ ಅಂಗಡಿ ಹಳ್ಳಿಗರಿಗೆ ಹೊಸದೂ ಅಲ್ಲ. ಕರೆಂಟಿಲ್ಲದ ಊರುಗಳಲ್ಲಿ ರಾಮಾಯಣ, ಮಹಾಭಾರತ ನೋಡಲು ಕಾರಿನ ಬ್ಯಾಟರಿಯನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡು ಪೇಟೆಗೆ ಹೋಗಿ ಚಾರ್ಜು ಮಾಡಿಸಿ ತಂದವರು ಈಗಲೂ ನಮ್ಮ ನಡುವೆ ಇದ್ದಾರೆ.

ಪ್ಲಗ್ಗಿನ ಹಿಂದೆ

ವಿದ್ಯುತ್ ಕಾರಿನ ಚರಿತ್ರೆಯಲ್ಲೂ ಕನ್ನಡನಾಡಿಗೆ ಒಂದು ಸ್ಥಾನವಿದೆ. 2001ರಲ್ಲಿ ಬೆಂಗಳೂರಿನಿಂದ ರಸ್ತೆಗಿಳಿದ ರೇವಾ, ಮನೆಯ 15 ಆಂಪಿಯರ್ ಪ್ಲಗ್ಗಿನಲ್ಲೇ ಚಾರ್ಜಾಗುತ್ತಿದ್ದ ಪುಟ್ಟ ಕಾರು. ಒಮ್ಮೆ ತುಂಬಿಸಿದರೆ ಸುಮಾರು 80 ಕಿಲೋಮೀಟರ್ ಓಡುತ್ತಿತ್ತು. ಲಂಡನ್ನಿನ ಬೀದಿಗಳಲ್ಲೂ ಅದು ಬೇರೆ ಹೆಸರಿನಲ್ಲಿ ಓಡಿತು. ಆದರೆ ಸೀಸದ ಬ್ಯಾಟರಿಯ ಭಾರ, ಕಾರಿನ ಬೆಲೆ, ದಾರಿಯಲ್ಲಿ ನಿಂತರೆ ಗತಿಯೇನು ಎಂಬ ಅಳುಕು, ಇವೆಲ್ಲ ಸೇರಿ ಅದು ಕೆಲವರ ಹವ್ಯಾಸವಾಗಿಯೇ ಉಳಿಯಿತು. 2010ರಲ್ಲಿ ಕಂಪನಿ ಮಹೀಂದ್ರದವರ ಪಾಲಾಯಿತು. 2017ರಲ್ಲಿ ವಿದ್ಯುತ್ ವಾಹನಗಳಿಗೆಂದೇ ನೀತಿಯೊಂದನ್ನು ಪ್ರಕಟಿಸಿದ ಮೊದಲ ರಾಜ್ಯ ಕರ್ನಾಟಕ. ಅಷ್ಟರಲ್ಲಿ ಹಗುರವಾದ ಲಿಥಿಯಂ ಬ್ಯಾಟರಿ ಅಗ್ಗವಾಗತೊಡಗಿತ್ತು. ಕಾರಿಗಿಂತ ಮೊದಲು ಗೆದ್ದದ್ದು ಸ್ಕೂಟರು, ಆಟೊ.

ಈಗ ಸ್ವಲ್ಪ ಲೆಕ್ಕ. ವಿದ್ಯುತ್ ಸ್ಕೂಟರು 100 ಕಿಲೋಮೀಟರ್ ಓಡಲು ಸುಮಾರು 3 ಯೂನಿಟ್ ವಿದ್ಯುತ್ತು ಸಾಕು. ಕಾರಿಗೆ 15 ಯೂನಿಟ್ ಆಸುಪಾಸು. ಒಂದು ಕಿಲೋವಾಟ್ ಸೌರಫಲಕಕ್ಕೆ ಬೇಕಾದ ಜಾಗ ನೂರು ಚದರಡಿ. ವರ್ಷದ ಸರಾಸರಿಯಲ್ಲಿ ಅದು ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಅಂದರೆ ಒಂದು ಸಣ್ಣ ಕೋಣೆಯಷ್ಟು ಚಾವಣಿಯ ಮೇಲಿನ ಬಿಸಿಲು ಸ್ಕೂಟರನ್ನು ದಿನಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು ಓಡಿಸಬಲ್ಲದು. ಶಿರಾಳಕೊಪ್ಪ, ಸೊರಬ ಎಂದು ಓಡಾಡುವ ಹಳ್ಳಿಗನಿಗೆ ಇದು ಧಾರಾಳವಾಯಿತು.

ಚಾರ್ಜು ಮಾಡುವ ದಾರಿಗಳು ಮೂರು. ಮೊದಲನೆಯದು ನಿಧಾನದ ದಾರಿ: ಮನೆಯ ಪ್ಲಗ್ಗು. ಸ್ಕೂಟರು ಸೆಳೆಯುವುದು ಮುಕ್ಕಾಲು ಕಿಲೋವಾಟಿನ ಆಸುಪಾಸು, ಇಸ್ತ್ರಿಪೆಟ್ಟಿಗೆಯಷ್ಟು. ಎರಡನೆಯದು ಬ್ಯಾಟರಿ ಬದಲಾಯಿಸುವುದು: ಖಾಲಿಯಾದದ್ದನ್ನು ಕೊಟ್ಟು ತುಂಬಿದ್ದನ್ನು ಪಡೆಯುವುದು, ಹಿಂದೆ ಅಂಚೆಯ ದಾರಿಯಲ್ಲಿ ಕುದುರೆ ಬದಲಾಯಿಸುತ್ತಿದ್ದ ಹಾಗೆ. ದಿನವಿಡೀ ಓಡುವ ಆಟೊದವರಿಗೆ ಇದು ಹೇಳಿಸಿದ್ದು. ಆದರೆ ಬೇರೆ ಬೇರೆ ಕಂಪನಿಗಳ ಬ್ಯಾಟರಿ ಬೇರೆ ಬೇರೆ ಅಳತೆಯದಾದರೆ ತೊಡಕು. ಮೂರನೆಯದು ಹೆದ್ದಾರಿಯ ವೇಗದ ಚಾರ್ಜರು, 30 ಅಥವಾ 60 ಕಿಲೋವಾಟಿನದು. ಕಾರಿನವರು ಚಹಾ ಕುಡಿದು ಊಟ ಮುಗಿಸುವುದರೊಳಗೆ ಕೆಲಸವಾಗುತ್ತದೆ.

ಹಳ್ಳಿಯ ತೊಡಕು ಇಲ್ಲೇ ಇರುವುದು. ಊರ ಕಂಬದ ಮೇಲೆ ಕೂತಿರುವ ಟಿ.ಸಿ.ಯ ಸಾಮರ್ಥ್ಯ ಸಾಮಾನ್ಯವಾಗಿ 25, 63 ಅಥವಾ 100 ಕೆ.ವಿ.ಎ. ಒಂದು 60 ಕಿಲೋವಾಟ್ ಚಾರ್ಜರು ಹಾಕಿದರೆ 63ರ ಟಿ.ಸಿ.ಯನ್ನು ಒಂದೇ ಕಾರು ಪೂರ್ತಿ ಕುಡಿದುಬಿಡುತ್ತದೆ. ಅದು ಬೇಡ, ಸ್ಕೂಟರು ಸಾಕು ಎನ್ನೋಣ. ಇಪ್ಪತ್ತು ಜನ ಸಂಜೆ ಏಳಕ್ಕೆ ಮನೆಗೆ ಬಂದು ಒಟ್ಟಿಗೆ ಪ್ಲಗ್ಗು ಹಾಕಿದರೆ 15 ಕಿಲೋವಾಟ್ ಆಯಿತು, ಐದು ಎಚ್.ಪಿ.ಯ ನಾಲ್ಕು ಪಂಪ್‌ಸೆಟ್ಟುಗಳನ್ನು ಒಮ್ಮೆಗೇ ಚಾಲೂ ಮಾಡಿದಂತೆ. ಅದೂ ಮನೆಮನೆಯಲ್ಲಿ ದೀಪ, ಟಿ.ವಿ., ಮಿಕ್ಸಿ ಓಡುವ ಹೊತ್ತಿನಲ್ಲಿ. 25ರ ಟಿ.ಸಿ. ಸುಟ್ಟರೆ ಇಡೀ ಊರಿಗೆ ಕತ್ತಲೆ.

ಇನ್ನೊಂದು ವಿಪರ್ಯಾಸ: ಬಿಸಿಲು ಬರುವುದು ಹಗಲು, ಸ್ಕೂಟರು ಮನೆಗೆ ಬರುವುದು ರಾತ್ರಿ. ಚಾವಣಿಯ ಫಲಕ ದುಡಿಯುವಾಗ ಸ್ಕೂಟರು ಶಾಲೆಯ ಮುಂದೋ ಡೇರಿಯ ಮುಂದೋ ಪಂಚಾಯಿತಿ ಕಚೇರಿಯ ಮುಂದೋ ಸುಮ್ಮನೆ ಬಿಸಿಲು ಕಾಯುತ್ತ ನಿಂತಿರುತ್ತದೆ.

ಸರದಿಯ ವಿದ್ಯೆ

ಉತ್ತರವೂ ಈ ಮಾತಿನಲ್ಲೇ ಇದೆ. ಫಲಕವನ್ನು ಸ್ಕೂಟರು ಹಗಲು ನಿಲ್ಲುವ ಜಾಗದಲ್ಲೇ ಹಾಕಿದರೆ? ಇಪ್ಪತ್ತು ಸ್ಕೂಟರುಗಳು ದಿನಕ್ಕೆ ತಲಾ 40 ಕಿಲೋಮೀಟರ್ ಓಡುತ್ತವೆ ಎಂದುಕೊಳ್ಳಿ. ಪೋಲಾಗುವುದೂ ಸೇರಿ ತಲಾ ಒಂದೂವರೆ ಯೂನಿಟ್, ಒಟ್ಟು 30 ಯೂನಿಟ್ ಬೇಕು. ಎಂಟು ಕಿಲೋವಾಟ್ ಫಲಕ, ಅಂದರೆ 800 ಚದರಡಿ ಚಾವಣಿ, ಅಷ್ಟನ್ನು ಕೊಡುತ್ತದೆ. ಹಾಲಿನ ಸಂಘದ ಕಟ್ಟಡವೋ ಶಾಲೆಯ ಒಂದೆರಡು ಕೊಠಡಿಯೋ ಸಾಕು. ಒಂದೊಂದು ಸ್ಕೂಟರಿಗೆ ಎರಡು ತಾಸು. ಒಮ್ಮೆಗೆ ನಾಲ್ಕರಂತೆ ಸರದಿ ಮಾಡಿದರೆ ಹತ್ತು ತಾಸಿನಲ್ಲಿ ಇಪ್ಪತ್ತೂ ಮುಗಿಯಿತು. ಯಾವ ಹೊತ್ತಿನಲ್ಲೂ ತಂತಿಯ ಮೇಲೆ ಬಿದ್ದ ಭಾರ ಮೂರೇ ಕಿಲೋವಾಟ್. ಒಟ್ಟಿಗೆ ನುಗ್ಗಿದರೆ 15, ಸರದಿಯಲ್ಲಿ ಬಂದರೆ 3. ಯಂತ್ರದ ಸಾಮರ್ಥ್ಯ ಒಂದಿಷ್ಟೂ ಹೆಚ್ಚಲಿಲ್ಲ, ಹಂಚಿಕೆ ಬದಲಾಯಿತು ಅಷ್ಟೆ. ನೀರುಗಂಟಿ ಮಾಡುತ್ತಿದ್ದದ್ದು ಇದನ್ನೇ ತಾನೆ?

ಮಲೆನಾಡಿನ ಸೆರಗಿನಲ್ಲಿರುವ ಈ ಊರುಗಳಲ್ಲಿ ಮಳೆಗಾಲದ ಮೋಡ ಫಲಕದ ದುಡಿಮೆಯನ್ನು ಅರ್ಧಕ್ಕಿಳಿಸೀತು. ಆಗ ದೊಡ್ಡ ಜಾಲದ ತಂತಿ ಬೇಕೇ ಬೇಕು. ಇಲ್ಲಿ ಪ್ರಕೃತಿಯ ಒಂದು ಅನುಕೂಲವಿದೆ: ಸೂರ್ಯ ಮರೆಯಾಗುವ ತಿಂಗಳುಗಳಲ್ಲೇ ಲಿಂಗನಮಕ್ಕಿ ತುಂಬುತ್ತದೆ, ಲಿಂಗನಮಕ್ಕಿ ತಳ ಕಾಣುವ ಏಪ್ರಿಲ್, ಮೇ ತಿಂಗಳುಗಳಲ್ಲೇ ಬಿಸಿಲು ಪ್ರಖರ. ಬೇಸಗೆಯಲ್ಲಿ ಊರ ಚಾವಣಿಯಿಂದ ಹೆಚ್ಚಾದದ್ದು ಜಾಲಕ್ಕೆ ಹೋಗಲಿ, ಮಳೆಗಾಲದಲ್ಲಿ ಜಾಲದಿಂದ ಊರಿಗೆ ಬರಲಿ. ಸಣ್ಣದು ದೊಡ್ಡದರ ವೈರಿಯಾಗಬೇಕಿಲ್ಲ. ಕೋಡಿ ಹರಿದು ಇನ್ನೊಂದು ಕೆರೆ ತುಂಬುವ ಹಾಗೆ.

ಕಾನೂನು ಇದಕ್ಕೆ ಅಡ್ಡಿಯಿಲ್ಲ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 14ನೆಯ ಕಲಮಿನ ಪ್ರಕಾರ, ಸರ್ಕಾರ ಗುರುತಿಸಿದ ಗ್ರಾಮೀಣ ಪ್ರದೇಶದಲ್ಲಿ ವಿದ್ಯುತ್ತು ತಯಾರಿಸಿ ಹಂಚಲು ಪರವಾನಗಿ ಬೇಕಿಲ್ಲ. ವಾಹನ ಚಾರ್ಜು ಮಾಡುವುದು ವಿದ್ಯುತ್ತಿನ ಮಾರಾಟವಲ್ಲ, ಸೇವೆ. ಅದಕ್ಕೂ ಪರವಾನಗಿ ಬೇಡ ಎಂದು ಕೇಂದ್ರ ಇಂಧನ ಸಚಿವಾಲಯ 2018ರಲ್ಲಿ ಸ್ಪಷ್ಟಪಡಿಸಿತು. ಅದೇ ವರ್ಷದ ಡಿಸೆಂಬರಿನ ಮಾರ್ಗಸೂಚಿ ನಗರದಲ್ಲಿ ಮೂರು ಕಿಲೋಮೀಟರ್ ಚೌಕಕ್ಕೊಂದು, ಹೆದ್ದಾರಿಯಲ್ಲಿ 25 ಕಿಲೋಮೀಟರಿಗೊಂದು ಚಾರ್ಜಿಂಗ್ ಕೇಂದ್ರ ಇರಬೇಕೆಂದಿತು. ಹಳ್ಳಿಗೆಂದು ಬೇರೆ ಅಳತೆ ಅದರಲ್ಲಿರಲಿಲ್ಲ. 2024ರಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ಮನೆಯ ಚಾವಣಿಯ ಮೂರು ಕಿಲೋವಾಟಿಗೆ 78,000 ರೂಪಾಯಿ ಸಹಾಯಧನವಿದೆ. ಆದರೆ ಅದನ್ನು ಪಡೆಯಲು ಸ್ವಂತ ಚಾವಣಿ ಬೇಕು, ಉಳಿದ ಹಣವನ್ನು ಹೊಂದಿಸುವ ತಾಕತ್ತೂ ಬೇಕು.

ಯಾರ ಚಾವಣಿ?

ಹಳೆಯ ಕೆರೆಯ ಕೊರತೆ ಎಂದು ಆರಂಭದಲ್ಲಿ ಹೇಳಿದ ಮಾತು ಇಲ್ಲಿ ಮರಳಿ ಬರುತ್ತದೆ. ಗದ್ದೆ ಇದ್ದವನಿಗಷ್ಟೇ ನೀರು ಎಂಬಂತೆ ಚಾವಣಿ ಇದ್ದವನಿಗಷ್ಟೇ ಬಿಸಿಲು ಎಂದಾದರೆ ನಾವು ಕಲಿತದ್ದೇನು? ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯ ಸೌರ ಉದ್ಯಾನ 2018-19ರಲ್ಲಿ ತಲೆಯೆತ್ತಿತು. ಸಾಮರ್ಥ್ಯ 2,050 ಮೆಗಾವಾಟ್. ಜಮೀನನ್ನು ಕಸಿದುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾಗುವ ಗುತ್ತಿಗೆ ಕೊಟ್ಟದ್ದು ಶರಾವತಿಯ ಕಾಲಕ್ಕಿಂತ ಎಷ್ಟೋ ಮೇಲು. ಬರದ ಸೀಮೆಯ ರೈತನಿಗೆ ಅದು ನಿಶ್ಚಿತ ಆದಾಯ. ಆದರೆ ಅದೇ ಹೊಲಗಳಲ್ಲಿ ಕಳೆ ತೆಗೆಯುತ್ತಿದ್ದ, ಕುರಿ ಮೇಯಿಸುತ್ತಿದ್ದ ಭೂಹೀನರಿಗೆ ಗುತ್ತಿಗೆಯ ಹಣ ಬರಲಿಲ್ಲ. ಕೂಲಿಯೂ ಮೇವೂ ಹೋಯಿತು.

ಆದ್ದರಿಂದ ಊರ ಫಲಕ ಯಾರ ಹೆಸರಿನಲ್ಲಿರಬೇಕು ಎಂಬ ಪ್ರಶ್ನೆ ಅದು ಎಷ್ಟು ಕಿಲೋವಾಟಿನದು ಎಂಬ ಪ್ರಶ್ನೆಗಿಂತ ದೊಡ್ಡದು. ಸಂಘದ ಹೆಸರಿನಲ್ಲಿದ್ದರೆ ಚಾವಣಿ ಇಲ್ಲದ ಆಟೊ ಚಾಲಕನೂ ಬಾಡಿಗೆ ಮನೆಯ ಆಶಾ ಕಾರ್ಯಕರ್ತೆಯೂ ಅದರ ಪಾಲುದಾರರಾಗಬಹುದು.

ಸಹಕಾರ ನಮಗೆ ಅಪರಿಚಿತ ವಿದ್ಯೆಯೇನಲ್ಲ. ಬೆಂಗಳೂರಿನ ಬೀದಿಯಲ್ಲಿ ದೀಪ ಹೊತ್ತಿದ 1905ರಲ್ಲೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಆರಂಭಿಸಿದ್ದರು. ವಿದ್ಯುತ್ತಿನಲ್ಲೂ ನಮಗೊಂದು ಮೇಲ್ಪಂಕ್ತಿಯಿದೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಅರ್ಧ ಶತಮಾನಕ್ಕೂ ಮಿಕ್ಕಿ ತನ್ನ ಸದಸ್ಯರಿಗೆ ವಿದ್ಯುತ್ತು ಹಂಚುತ್ತ ಬಂದಿದೆ. ರಾಜ್ಯದಲ್ಲಿ ಅಂಥ ಸಂಘ ಅದೊಂದೇ. ಅದು ವಿದ್ಯುತ್ತನ್ನು ಕೊಂಡು ಹಂಚುತ್ತದೆ, ನಿಜ. ಆದರೆ ಕಂಬ, ತಂತಿ, ಬಿಲ್ಲು, ದುರಸ್ತಿಗಳ ಭಾರವನ್ನು ಸದಸ್ಯರ ಸಂಘವೊಂದು ಹೊರಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕೆರೆಗಳು ಹಾಳಾದದ್ದು ಮಳೆ ನಿಂತುಹೋದದ್ದರಿಂದಲ್ಲ. ಬಿತ್ತುವಟ್ಟದ ಗದ್ದೆ ಬೇರೆಯವರ ಪಾಲಾಯಿತು, ಹೂಳೆತ್ತುವ ಕೆಲಸ ದೂರದ ಇಲಾಖೆಯ ಕಡತ ಸೇರಿತು, ನೀರುಗಂಟಿಗೆ ಕಣದ ಧಾನ್ಯ ತಪ್ಪಿತು. ಸಹಾಯಧನದಲ್ಲಿ ಬಂದ ಫಲಕಗಳ ಗತಿಯೂ ಹಾಗೆಯೇ ಆದೀತು. ಧೂಳು ಒರೆಸುವವರಿಲ್ಲದೆ, ಕೆಟ್ಟ ಬ್ಯಾಟರಿಗೆ ಬದಲಿ ತರುವ ಹಣವಿಲ್ಲದೆ ಕಂಬದ ಮೇಲೆ ಕುರುಡಾಗಿ ನಿಂತ ಸೌರ ಬೀದಿದೀಪಗಳನ್ನು ಓದುಗರು ತಮ್ಮ ಊರಲ್ಲೇ ಕಂಡಿರಬಹುದು. ಉದ್ಘಾಟನೆಯ ಕಲ್ಲಿನ ಮೇಲೆ ಕಟ್ಟಿಸಿದವರ ಹೆಸರು ಇರುತ್ತದೆ, ಕಾಯುವವನ ಹೆಸರು ಇರುವುದಿಲ್ಲ. ನಮ್ಮ ಹಳೆಯ ಶಾಸನಗಳು ಈ ವಿಷಯದಲ್ಲಿ ಹೆಚ್ಚು ಜಾಣತನ ತೋರಿದ್ದವು. ಕೆರೆ ಕಾಯುವವನ ಪಾಲನ್ನೂ ಅವು ಕಲ್ಲಿನ ಮೇಲೆ ಬರೆದವು.

ಹಾಗಾಗಿ ಇನ್ನು ಮುಂದೆ ಯಾವುದಾದರೂ ಪಂಚಾಯಿತಿ ತನ್ನ ಚಾವಣಿಗೆ ಫಲಕ ಹಾಕಿ, ಅಂಗಳದಲ್ಲಿ ನಾಲ್ಕು ಪ್ಲಗ್ಗುಗಳನ್ನು ಇಡಲು ಹೊರಟರೆ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆಗಳನ್ನು ಕೇಳಬೇಕು. ಸರದಿ ನೋಡಿಕೊಳ್ಳುವವರು ಯಾರು? ಅವರಿಗೆ ತಿಂಗಳ ಸಂಬಳ ಎಲ್ಲಿಂದ? ಎಂಟು-ಹತ್ತು ವರ್ಷಗಳ ಮೇಲೆ ಯಂತ್ರ ಕೆಟ್ಟಾಗ ಬದಲಿಸಲು ಪ್ರತಿ ಯೂನಿಟ್ಟಿನಲ್ಲಿ ಎಷ್ಟು ಪೈಸೆ ಎತ್ತಿಡುತ್ತೀರಿ? ಈ ಕೆಲಸಕ್ಕೆ ಊರಿನ ಐ.ಟಿ.ಐ. ಓದಿದ ಹುಡುಗಿಯೊಬ್ಬಳನ್ನು ನೇಮಿಸಿದರೆ ನೀರುಗಂಟಿಯ ಹಳೆಯ ಹುದ್ದೆಗೆ ಹೊಸ ಮರ್ಯಾದೆಯೂ ಬಂದೀತು. ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆ ಫಲಕದ ಟೆಂಡರು ಕರೆದರೆ ತಡವೇನೂ ಆಗದು.

ಕೈಟಭೇಶ್ವರನ ಕಂಬಗಳನ್ನು ನೋಡಲು ಹೋದವರು ಹಾಗೇ ಒಮ್ಮೆ ಹತ್ತಿರದ ಯಾವುದಾದರೂ ಕೆರೆಯ ಏರಿ ಹತ್ತಿ ಬನ್ನಿ. ನೀರು ಎಷ್ಟಿದೆ ಎಂಬುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ತೂಬು ಯಾರ ಕೈಯಲ್ಲಿದೆ ಎಂದು ತಿಳಿಯಲು ಮಾತ್ರ ಊರವರನ್ನೇ ಕೇಳಬೇಕು.